ಮಣ್ಣು ಮುಟ್ಟದ ಮೇಸ್ತ್ರಿ

ಎರಡನೇ ಬ್ಯಾರಕ್ಕಿನ ಕೀಲಿಗೊಂಚಲು ನನ್ನ ಕೊರಳಿಗೆ ಬಿದ್ದಾಗ ಸ್ವಾತಂತ್ರ್ಯ ದಿನಾಚರಣೆಗೆ ಇನ್ನೂ ಹದಿನೆಂಟು ದಿನ ಇತ್ತು. ಜೈಲಿನ ಸಾಹೇಬರು ನನ್ನನ್ನು ಕೋಣೆಗೆ ಕರೆಸಿ ಒಂದು ಚೀಟಿ ತೋರಿಸಿದರು. ದೂರಿನ ಡಬ್ಬಿಯಲ್ಲಿ ಯಾರೋ ಹೆಸರಿಲ್ಲದೆ ಹಾಕಿದ್ದು. ‘ನಮ್ಮ ಮುದ್ದೆಯ ಮೊದಲ ತುತ್ತು ದಿನಾಲೂ ಮೇಸ್ತ್ರಿಗೆ ಹೋಗುತ್ತದೆ’ ಎಂದಿಷ್ಟೇ ಇತ್ತು. ನಮ್ಮ ಸಾಹೇಬರು ಹಳ್ಳಿಕಾರ್ ಎತ್ತು. ಯಾವ ಮಾತಿಗೂ ಮೆಲುಕು ಹಾಕದೆ ಉತ್ತರ ಕೊಟ್ಟವರಲ್ಲ. ಅಂದು ಮಾತ್ರ ಮೆಲುಕು ನಿಲ್ಲಿಸಿ ಹೇಳಿದರು, ಆ ಹೆಗ್ಗಣ ಮೇಸ್ತ್ರಿಯ ಗುಂಪು ಒಡೆಯಬೇಕು, ಅದಕ್ಕೇ ನಿನ್ನನ್ನು ಹಾಕಿದ್ದೇನೆ ಎಂದು. ನನಗೆ ಖುಷಿಯಾಯಿತು. ಬಾಲ ತಡೆದುಕೊಳ್ಳುವುದಕ್ಕೆ ಕಷ್ಟಪಟ್ಟೆ ಎಂದು ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ.

ನಾನು ನಾಯಿ. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆತನದಲ್ಲಿ ಯಾರೂ ಒಂದು ಬಾಗಿಲು ಹಿಡಿದು ಕಾದವರಲ್ಲ. ಸರ್ಕಾರದ ಬಾಗಿಲು ಕಾಯುವ ಈ ಕೆಲಸ ಸಿಕ್ಕಿದ್ದು ನನ್ನ ಮೂಗಿನ ದಯೆಯಿಂದ. ಜೈಲಿರುವುದು ಅರಸೀಕೆರೆಯಿಂದ ಕಣಕಟ್ಟೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟ ಮುಗಿದು ರಾಗಿ ಹೊಲ ಶುರುವಾಗುವ ಕಡೆ. ಮಾಂಸ ತಿನ್ನುವವರಿಗೆ ಮೊದಲನೇ ಬ್ಯಾರಕ್ಕು, ಹುಲ್ಲು ಕಾಳಿನವರಿಗೆ ಎರಡನೆಯದು ಎಂಬುದು ಅಲ್ಲಿನ ಕಾನೂನು. ಆದರೆ ಹೋದ ವರ್ಷದ ಮಳೆಗೆ ಮೊದಲನೇ ಬ್ಯಾರಕ್ಕಿನ ಸೂರು ಕುಸಿದುಬಿತ್ತು. ರಿಪೇರಿಯ ಕಾಗದ ಮೇಲಿನ ಕಚೇರಿಗೆ ಹೋಗಿ ಅಲ್ಲೇ ಬೆಚ್ಚಗೆ ಮಲಗಿತು. ಹಾಗಾಗಿ ಹದಿನೆಂಟು ಜನ ಹುಲ್ಲಿನವರ ಜೊತೆ ಐದು ಜನ ಹಲ್ಲಿನವರೂ ಒಂದೇ ಸೂರಿನ ಕೆಳಗೆ ಮಲಗುತ್ತಿದ್ದರು. ಐವರಲ್ಲಿ ದೊಡ್ಡವನು ಅರಸೀಕೆರೆಯ ಗುಡ್ಡದ ಕರಡಿ. ಮಿಕ್ಕವರಲ್ಲಿ ಈ ಕಥೆಗೆ ಬೇಕಾದವನು ಒಬ್ಬನೇ, ಕಣಕಟ್ಟೆಯ ಕಡೆಯ ಒಬ್ಬ ನರಿ.

ವರ್ಷವಿಡೀ ಒಂದು ತಂಟೆಯೂ ಆಗಿರಲಿಲ್ಲ. ಯಾಕೆ ಆಗಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಬೇಕಿತ್ತು, ಬರಲಿಲ್ಲ.

ಇನ್ನು ಮೇಸ್ತ್ರಿ. ಅರಸೀಕೆರೆಯ ಕೊಬ್ಬರಿ ಗೋದಾಮುಗಳ ಕೆಳಗೆ ಸುರಂಗದ ಜಾಲವನ್ನೇ ತೋಡಿಸಿದ ಹೆಗ್ಗಣ ಅವನು. ಹತ್ತು ವರ್ಷದ ಶಿಕ್ಷೆಯಲ್ಲಿ ಏಳು ಮುಗಿದಿತ್ತು. ಎಲ್ಲರಿಗಿಂತ ಸಣ್ಣ ಆಸಾಮಿ. ಕರಡಿಯ ಪಾದದ ಪಕ್ಕ ನಿಂತರೆ ಕಾಣಿಸುತ್ತಲೇ ಇರಲಿಲ್ಲ. ಆದರೂ ಕಿಟಕಿ ಪಕ್ಕದ ಗಾಳಿ ಬರುವ ಜಾಗ ಅವನದು, ಅವನ ಕಂಬಳಿ ಒಗೆಯುವುದು ಕರಡಿ, ನೀರಿನ ಸಾಲಿನಲ್ಲಿ ಮೊದಲ ಚೊಂಬು ಅವನದು. ಜಗಳ ಆಡಿದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲವನ್ನೂ ನೋಡುತ್ತಾ ಕೂರುತ್ತಿದ್ದ. ಯಾವ ವಾರ್ಡರ್ ಯಾವ ಕಾಲು ಮೊದಲು ಇಡುತ್ತಾನೆ, ಯಾವ ರೈಲು ಎಷ್ಟು ತಡವಾಗಿ ಬಂತು, ಸಾರಿಗೆ ಬೇಳೆ ಎಷ್ಟು ಹಿಡಿ ಬಿತ್ತು, ಎಲ್ಲ ಅವನ ತಲೆಯಲ್ಲಿ ಇರುತ್ತಿತ್ತು.

ಅಗೆಯುವ ಕುಲದ ಕೈದಿಗಳಿಗೆ ನಮ್ಮಲ್ಲಿ ಬೇರೆಯೇ ಒಂದು ನಿಯಮವಿದೆ. ಪ್ರತಿ ಸೋಮವಾರ ಉಗುರು ಪರೀಕ್ಷೆ. ಕೈ ಚಾಚಿಸಿ, ಉಗುರಿನ ಸಂದು ನೋಡಿ, ಮೂಸಿ, ಫೈಲಿನಲ್ಲಿ ‘ಆದೇಶವಿಲ್ಲದೆ ಮಣ್ಣು ಮುಟ್ಟಿಲ್ಲ’ ಎಂದು ಬರೆದು ಸಹಿ ಹಾಕಬೇಕು. ಒಂದು ಸೋಮವಾರ ತಪ್ಪಿದರೂ ಸನ್ನಡತೆಯ ಬಿಡುಗಡೆ ಇಲ್ಲ. ಮೇಸ್ತ್ರಿ ಏಳು ವರ್ಷ ಮಣ್ಣು ಮುಟ್ಟಿರಲಿಲ್ಲ. ಅಂಗಳದಲ್ಲಿ ಓಡಾಡುವಾಗಲೂ ಚಪ್ಪಡಿ ಕಲ್ಲಿನ ಮೇಲೆಯೇ ಕಾಲಿಡುತ್ತಿದ್ದ. ಅಗೆಯದ ಹೆಗ್ಗಣದ ಉಗುರು ನೀವು ನೋಡಿರಲಿಕ್ಕಿಲ್ಲ. ಸವೆಯುವುದಕ್ಕೆ ಕೆಲಸವಿಲ್ಲದೆ ಬೆಳೆದು, ಬಾಗಿ, ತನ್ನ ಅಂಗೈಗೇ ಚುಚ್ಚುತ್ತದೆ. ಅವನು ನಡೆದರೆ ಚಪ್ಪಡಿಯ ಮೇಲೆ ಟಕ ಟಕ ಸದ್ದು ಬರುತ್ತಿತ್ತು. ಈ ಸ್ವಾತಂತ್ರ್ಯ ದಿನದ ಬಿಡುಗಡೆ ಪಟ್ಟಿಯಲ್ಲಿ ಅವನ ಹೆಸರಿತ್ತು.

ನನ್ನ ಕೆಲಸ ಶುರುವಾದದ್ದು ಎಣಿಕೆಯಿಂದ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ ನನ್ನದು. ಸಂಜೆ ಐದಕ್ಕೆ ಮುಂದಿನ ಪಾಳಿಯ ಹೆಬ್ಬಾತಿನದು. ಹೆಬ್ಬಾತು ಕತ್ತು ಚಾಚಿ ಒಂದೊಂದು ತಲೆಯನ್ನೂ ಕಣ್ಣಿಂದ ನೋಡಿ ಎಣಿಸುತ್ತಾನೆ. ನಾನು ಮೂಗಿನಿಂದ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕಂಬಳಿ ಹೊದ್ದು ಮಲಗಿರುತ್ತಾರೆ, ಒಳಗೆ ಮಬ್ಬು. ಕಂಬಳಿ ಎಳೆದು ಎಬ್ಬಿಸಿದರೆ ಅರ್ಧ ಗಂಟೆ ಗಲಾಟೆ. ಗಾಳಿಗೆ ಎದುರಾಗಿ, ಎಡಸಾಲಿನಿಂದ ಶುರುಮಾಡಿ, ಜಾಗಕ್ಕೊಂದು ಉಸಿರು ಎಳೆದುಕೊಂಡು ಹೋದರೆ ಎರಡೇ ನಿಮಿಷದಲ್ಲಿ ಇಪ್ಪತ್ತಮೂರು ಮುಗಿಯುತ್ತದೆ. ಮಳೆ ಇದ್ದರೆ ವಾಸನೆ ನೆಲಕ್ಕೆ ಕೂರುತ್ತದೆ, ತಲೆ ತಗ್ಗಿಸಬೇಕು. ಎಣಿಕೆಗೆ ಮುಂಚೆ ಒಲೆ ಹತ್ತಿರ ಸುಳಿಯಬಾರದು, ಬೂದಿ ಮೂಗು ಕಟ್ಟಿಸುತ್ತದೆ. ಆರು ವರ್ಷದಲ್ಲಿ ನನ್ನ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಹೆಬ್ಬಾತಿನ ಎದುರು ಅದನ್ನು ಆಗಾಗ ಹೇಳುತ್ತಲೂ ಇದ್ದೆ.

ಮೊದಲ ದಿನವೇ ತಟ್ಟೆಸಾಲಿನ ಪಕ್ಕ ನಾನೇ ನಿಂತೆ. ಅಡುಗೆ ಕೆಲಸ ಮೇಸ್ತ್ರಿಯ ಪಾಲಿನದು. ಅವನು, ಕರಡಿ ಸೇರಿ ಹಿಟ್ಟು ತಿರುವಿ ಮುದ್ದೆ ಕಟ್ಟಿ ಹಾಕುತ್ತಿದ್ದರು. ಜೈಲಿನಲ್ಲಿ ಕರಡಿಗೂ ಮೊಲಕ್ಕೂ ಒಂದೇ ಅಳತೆಯ ಮುದ್ದೆ. ತುತ್ತು ಮುರಿದು ಮೇಸ್ತ್ರಿಯ ಗಂಗಾಳಕ್ಕೆ ಹಾಕಲು ಬಂದವರನ್ನೆಲ್ಲ ನಿಮ್ಮ ಮುದ್ದೆ ನೀವೇ ತಿನ್ನಿ ಎಂದು ವಾಪಸು ಕಳಿಸಿದೆ. ಗಲಾಟೆಯಾಗುತ್ತದೆ ಎಂದು ಲಾಠಿ ಬೇರೆ ತರಿಸಿಟ್ಟುಕೊಂಡಿದ್ದೆ. ಮೇಸ್ತ್ರಿ ತಲೆ ಎತ್ತಿ ನೋಡಿದ.

“ಆಗ್ಲಿ ಕಣಕ್ಕಾ” ಎಂದ. ಅಷ್ಟೇ.

ಎರಡನೇ ದಿನ ಮಲಗುವ ಜಾಗಗಳನ್ನು ಬದಲಿಸಿದೆ. ಯಾರ ಪಕ್ಕ ಯಾರು ಎಂಬುದನ್ನೂ ಮೇಸ್ತ್ರಿಯೇ ಗೊತ್ತುಮಾಡಿದ್ದ. ನನಗೆ ಅದರಲ್ಲಿ ಅವನ ದರ್ಬಾರು ಕಂಡಿತೇ ಹೊರತು ಬೇರೇನೂ ಕಾಣಲಿಲ್ಲ. ರಿಜಿಸ್ಟರಿನ ನಂಬರಿನ ಪ್ರಕಾರ ಎಲ್ಲರನ್ನೂ ಸಾಲಾಗಿ ಮಲಗಿಸಿದೆ. ನರಿಯ ನಂಬರಿನ ಮುಂದಿನ ನಂಬರು ಮೊಲದ್ದು. ಮೊಲ ಗೆಂಡೆಹಳ್ಳಿಯವನು, ಯಾರದೋ ಹೊಲದಲ್ಲಿ ಅವರೆ ಮೇಯ್ದ ಎಂದು ಕೇಸು. ಶಿಕ್ಷೆಯಾದವನಲ್ಲ, ಬೇಲೂರು ಕೋರ್ಟಿನಲ್ಲಿ ಇನ್ನೂ ವಿಚಾರಣೆ. ಮುಂದಿನ ವಾಯಿದೆಗೆ ಬಿಟ್ಟೇಬಿಡುತ್ತಾರೆ ಎಂದು ವಕೀಲ ಹೇಳಿದ್ದನಂತೆ.

ಮೂರನೇ ದಿನ ಮಧ್ಯಾಹ್ನ ಒಂದು ಚೀರು ಕೇಳಿಸಿತು. ಓಡಿಹೋಗಿ ನೋಡಿದರೆ ಮೊಲದ ಎಡಕಿವಿ ಹರಿದಿತ್ತು. ನರಿ ಗೋಡೆಗೆ ಮುಖ ಮಾಡಿ ಕೂತು ಅಳುತ್ತಿದ್ದ. ಲಾಠಿ ಎತ್ತಿದವಳಿಗೆ ಹೊಡೆಯಲು ಕೈ ಬರಲಿಲ್ಲ.

“ಬೇಕು ಅಂತ ಮಾಡ್ಲಿಲ್ಲ ಅಮ್ಮಾರೆ. ನಿದ್ದೇಲಿ ಬಾಯಿ ತಾನಾಗೇ ಹೋಯ್ತು. ಎಲ್ಡು ದಿನದಿಂದ ಹೊಟ್ಟೆ ಸುಡ್ತಾ ಐತೆ” ಎಂದ.

ಮೊಲದ ಕಿವಿಗೆ ಅರಿಶಿನ ಒತ್ತಿ ನಾನೇ ಪಟ್ಟಿ ಕಟ್ಟಿದೆ. ಅವನು ನಡುಗುತ್ತಿದ್ದುದು ನನ್ನ ಕೈಗೂ ಬರುತ್ತಿತ್ತು. ಪ್ರತ್ಯೇಕ ಕೋಣೆಗೆ ಹಾಕೋಣವೆಂದರೆ ಇದ್ದ ಒಂದೇ ಕೋಣೆಯಲ್ಲಿ ಮುರಿದ ಸೂರಿನ ಹೆಂಚು, ತೊಲೆ ತುಂಬಿಟ್ಟಿದ್ದರು. ನರಿಯನ್ನು ಆರು ಜಾಗದಾಚೆ ಮಲಗಿಸಿ ಅಷ್ಟಕ್ಕೇ ಬಿಟ್ಟೆ. ಆಗ ಮೇಸ್ತ್ರಿ ಬಂದ, ಟಕ ಟಕ ಎನ್ನಿಸುತ್ತಾ. ಅವನು ತಾನಾಗಿ ನನ್ನ ಹತ್ತಿರ ಬಂದದ್ದು ಅದೇ ಮೊದಲು.

“ಅಕ್ಕಾ, ಮೊದಲ್ನೇ ತುತ್ತು ನಂಗೆ ಅಂತ ಬರ್ದವ್ರೆ ಯಾರೋ. ಈ ಹೊಟ್ಟೆಗೆ ಎಷ್ಟು ಹಿಡೀತದೆ, ನೋಡಿ. ಅದು ಹೋಗ್ತಿದ್ದಿದ್ದು ಆ ಐದು ಬಾಯಿಗೆ. ನಿಮ್ಮ ಒಂದು ಮುದ್ದೆ ಕರಡಿಗೆ ಎಲ್ಲಿ ಸಾಕಾಯ್ತದೆ? ಹೊಟ್ಟೆ ತುಂಬಿದ್ರೆ ಅವ್ರು ಮಲೀಕತಾರೆ. ಇಲ್ದೆ ಇದ್ರೆ ಪಕ್ಕಕ್ಕೆ ತಿರುಗಿ ನೋಡ್ತಾರೆ.”

ಹಾಗಿದ್ದರೆ ಎಲ್ಲರನ್ನೂ ಕೇಳಿ ಇಸಿದುಕೊಳ್ಳಬಹುದಿತ್ತು, ಹೆದರಿಸಿ ಯಾಕೆ ಕಿತ್ತುಕೊಂಡೆ ಎಂದು ಕೇಳಿದೆ.

“ಕೇಳಿದ್ರೆ ಎಲ್ಡು ದಿನ ಕೊಡ್ತಾರೆ, ಮೂರನೇ ದಿನ ನಮ್ಗೂ ಹಸಿವು ಅಂತಾರೆ. ಹೆದ್ರಿಕೆಗಾದ್ರೆ ದಿನಾ ಕೊಡ್ತಾರೆ. ನಾನೇನು ಧರ್ಮಾತ್ಮ ಅಲ್ಲ ಅಕ್ಕಾ. ಒಬ್ಬ ಸತ್ರೆ ಬ್ಯಾರಕ್ಕಿಗೇ ಬೀಗ, ಬಿಡುಗಡೆ ಪಟ್ಟಿನೂ ನಿಲ್ತದೆ. ಅದ್ಕೇ ನೋಡ್ಕೊಂಡೆ.”

ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದೇ ಕಿರಿಕಿರಿಯಾಯಿತು. ಗುಂಪು ಒಡೆಯಲು ಬಂದವಳು ಮೂರೇ ದಿನಕ್ಕೆ ಕೈದಿಯ ಮಾತು ಕೇಳಿ ಹಳೆಯ ಪದ್ಧತಿಗೆ ಹೋದರೆ ಹೆಬ್ಬಾತು ಕೊಕ್ಕು ಮುಚ್ಚಿಕೊಂಡು ನಗುತ್ತಾನೆ. ಸಾಹೇಬರಿಗೆ ಏನು ಹೇಳಲಿ? ನನ್ನ ಆದೇಶ ಹಾಗೇ ಇರುತ್ತದೆ ಎಂದೆ. ಮೇಸ್ತ್ರಿ ಟಕ ಟಕ ಎನ್ನಿಸುತ್ತಾ ಒಲೆಯ ಕಡೆ ಹೋದ. ಈ ಹಮ್ಮಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಮುಂದಿನ ಎರಡು ದಿನ ಮೊಲ ಒಂದು ತುತ್ತೂ ತಿನ್ನಲಿಲ್ಲ. ನೀರು ಇಟ್ಟರೆ ಅದನ್ನೂ ಬರೀ ನೋಡುತ್ತಾ ಕೂತ. ಅವನ ಕುಲದವರಿಗೆ ಗಾಯಕ್ಕಿಂತ ಭಯವೇ ಮೃತ್ಯು. ಎದೆ ಬಡಿದೂ ಬಡಿದೂ ನಿಂತುಹೋಗುತ್ತದೆ. ಕೋರ್ಟಿಗೆ ಇನ್ನೂ ನಾಲ್ಕು ದಿನ ಇತ್ತು. ನಾನು ದಿನಕ್ಕೆರಡು ಸಲ ಪಟ್ಟಿ ಬದಲಿಸಿದೆ, ಕ್ಯಾರೆಟ್ ತರಿಸಿ ಇಟ್ಟೆ, ಬೆನ್ನು ನೆಕ್ಕಿದೆ. ನಾಯಿಯ ನಾಲಿಗೆ ತಾಗಿದರೆ ಮೊಲಕ್ಕೆ ಸಮಾಧಾನವಾಗುತ್ತದೆಯೇ ಎಂದು ಯೋಚಿಸದಷ್ಟು ದಡ್ಡಿ ನಾನು.

ಅದರಲ್ಲಿ ಎರಡನೇ ದಿನ, ಅಂದರೆ ನಾನು ಬಂದ ಐದನೇ ದಿನ, ಮಧ್ಯಾಹ್ನ ಒಂದಕ್ಕೆ ಎಣಿಕೆ ಮಾಡಿದೆ. ಜಡಿಮಳೆ. ತಲೆ ತಗ್ಗಿಸಿಕೊಂಡು ಸಾಲು ಮುಗಿಸಿದೆ. ಮೊಲದ ಜಾಗದಲ್ಲಿ ಕಂಬಳಿ ಮುದುಡಿಕೊಂಡಿತ್ತು. ಹಸಿ ರಕ್ತ, ಅರಿಶಿನ, ಮೊಲದ ಬೆವರು, ಎಲ್ಲ ಮೂಗಿಗೆ ಬಂತು. ಇಪ್ಪತ್ತಮೂರು ಎಂದು ಬರೆದು ಸಹಿ ಹಾಕಿದೆ.

ಸಂಜೆ ಐದಕ್ಕೆ ಹೆಬ್ಬಾತು ಎಣಿಸಿದ. ಇಪ್ಪತ್ತೆರಡು.

ಅವನು ಮೊಲದ ಕಂಬಳಿ ಎತ್ತಿದಾಗ ಒಳಗಿದ್ದದ್ದು ಒಂದು ಹುಲ್ಲಿನ ಕಂತೆ, ಅದರ ಮೇಲೆ ನಾನೇ ಬೆಳಗ್ಗೆ ಬಿಚ್ಚಿ ಬಿಸಾಡಿದ್ದ ಕಿವಿಪಟ್ಟಿ. ಹಸಿ ರಕ್ತ ಇರುವ ಕಡೆ ನನ್ನ ಮೂಗು ಮಿಕ್ಕಿದ್ದನ್ನು ವಿಚಾರಿಸುವುದಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಐದೇ ದಿನ ನನ್ನನ್ನು ನೋಡಿ ಒಬ್ಬ ಅದನ್ನು ಕಂಡುಹಿಡಿದಿದ್ದ.

ಎಣಿಕೆ ಕಡಿಮೆ ಬಂದರೆ ಅರ್ಧ ಗಂಟೆಯೊಳಗೆ ಮರು ಎಣಿಕೆ. ಆಗಲೂ ಸಿಗದಿದ್ದರೆ ಗಂಟೆ ಹೊಡೆಯಬೇಕು. ಗಂಟೆ ಹೊಡೆದರೆ ಅದು ಪರಾರಿ ಕೇಸು. ನಾಲ್ಕು ದಿನದಲ್ಲಿ ಬಿಡುಗಡೆಯಾಗಬೇಕಾದ ಮೊಲಕ್ಕೆ ಅವರೆಕಾಯಿಗಿಂತ ದೊಡ್ಡ ಶಿಕ್ಷೆ ಖಾಯಂ. ಹೆಬ್ಬಾತು ಗಂಟೆಯ ಹಗ್ಗದ ಹತ್ತಿರ ಹೋಗಿ ನಿಂತ. ನಾನು ಕೈಮುಗಿದು ಅರ್ಧ ಗಂಟೆ ಪೂರ್ತಿ ಕೊಡು ಎಂದು ಕೇಳಿ, ಅಡುಗೆಮನೆಗೆ ಓಡಿದೆ.

ಮೇಸ್ತ್ರಿ ರಾತ್ರಿ ಊಟದ ಎಸರಿಗೆ ನೀರು ಹೊಯ್ಯುತ್ತಿದ್ದ. ಕೈ ತೋರಿಸು ಎಂದೆ. ತೋರಿಸಿದ. ಏಳು ವರ್ಷ ಬೆಳೆದು ಬಾಗಿದ್ದ ಉಗುರುಗಳು ಬುಡದವರೆಗೆ ಸವೆದಿದ್ದವು. ಎರಡು ಬೆರಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಂದಿನಲ್ಲಿ ಕೆಂಪು ಮಣ್ಣು. ಅದನ್ನು ತೊಳೆಯುವ ಗೋಜಿಗೂ ಹೋಗಿರಲಿಲ್ಲ.

“ಒಲೆ ಹಿಂದೆ ಬೂದಿ ಗುಡ್ಡೆ ಐತಲ್ಲ, ಅದರ ಕೆಳಗಿನ ಚಪ್ಪಡಿ ಎತ್ತಿ” ಎಂದ. “ಗೋಡೆ ದಾಟಿಲ್ಲ. ಜೈಲೊಳಗೇ ಅವ್ನೆ. ಪರಾರಿ ಅಂತ ಬರೆಯಕ್ಕಾಗಾಕಿಲ್ಲ ಯಾರಿಗೂ. ಮಧ್ಯಾಹ್ನವೇ ಸಿಕ್ಕಿದ್ರೆ ತಿನ್ನಕ್ಕೆ ಮುಂಚೆನೇ ಈಚೆಗೆ ಎಳ್ದು ಹಾಕ್ತಿದ್ರಿ, ಅದ್ಕೇ ಸಂಜೆಗಂಟ ಕಂತೆ ಮಲಗ್ಸಿದ್ದೆ.”

ಚಪ್ಪಡಿ ಎತ್ತಿದೆ. ಮೊಳಕೈ ಆಳದ ಗುಂಡಿ. ಪಕ್ಕಕ್ಕೆ ತಿರುಗಿ ಒಂದು ಗೂಡು. ಗೂಡಿನ ಗೋಡೆಯನ್ನು ಕೈಯಲ್ಲಿ ತಟ್ಟಿ ತಟ್ಟಿ ನುಣುಪು ಮಾಡಿತ್ತು. ಗಾಳಿಗೆ ಬೆರಳಗಲದ ತೂತು ಬಿಟ್ಟಿತ್ತು. ಒಲೆಯ ಬಿಸಿಗೆ ಒಳಗೆ ಬೆಚ್ಚಗಿತ್ತು. ಮೊಲ ಅಲ್ಲಿ ಕೂತು ಕ್ಯಾರೆಟ್ ತಿನ್ನುತ್ತಿದ್ದ. ಎರಡು ದಿನದ ಮೇಲೆ ಅವನ ಬಾಯಿ ಆಡುವುದನ್ನು ನೋಡಿ ನನಗೆ ಕಣ್ಣೀರು ಬಂತು. ಅಗೆದ ಮಣ್ಣನ್ನು ಕರಡಿ ಬೂದಿಬುಟ್ಟಿಯಲ್ಲಿ ಹಾಕಿಕೊಂಡು ನನ್ನ ಎದುರಿನಲ್ಲೇ ತಿಪ್ಪೆಗೆ ಸಾಗಿಸಿದ್ದನಂತೆ. ಬೂದಿಯ ಹತ್ತಿರ ನಾನು ಮೂಗು ತರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ನಿನ್ನ ಹೆಸರು ಪಟ್ಟಿಯಲ್ಲಿದೆ ಎಂಬುದು ನೆನಪಿರಲಿಲ್ಲವೇ ಎಂದು ಕೇಳಿದೆ.

“ಇತ್ತು. ಆ ಮೊಲ ಹೆದ್ರಿಕೇಲೇ ಇವತ್ತೋ ನಾಳೆನೋ ಹೋಗ್ತಿದ್ದ, ಮಣ್ಣಿನ ಗೂಡಾದ್ರೆ ಅವನ್ಗೆ ಧೈರ್ಯ. ಸತ್ರೆ ನರಿ ಮೇಲೆ ಕೊಲೆ ಕೇಸು. ನಿಮ್ಮ ಮೇಲೂ ಬತ್ತದೆ. ಮೂರು ಜನ ಅಕ್ಕಾ ಆ ಕಡೆ. ಈ ಕಡೆ ನಂದು ಇನ್ನ ಮೂರು ವರ್ಷ” ಎಂದು ಹಿಟ್ಟಿನ ಕೋಲು ತೊಳೆಯಲು ಹೋದ. ಲೋಕಾಭಿರಾಮದ ಮಾತಿನಂತೆ ಹೇಳಿಬಿಟ್ಟ.

ಹೆಬ್ಬಾತು ಬಂದು ಗುಂಡಿ ನೋಡಿದ, ಮೊಲ ನೋಡಿದ, ಮೇಸ್ತ್ರಿಯ ಕೈಯನ್ನೂ ನೋಡಿದ. ಇಪ್ಪತ್ತಮೂರು ಎಂದ. ಗಂಟೆ ಹೊಡೆಯುವುದು ತಪ್ಪಿತು. ಆದರೆ ಮೊದಲ ಎಣಿಕೆ ಇಪ್ಪತ್ತೆರಡು, ಮರು ಎಣಿಕೆ ಇಪ್ಪತ್ತಮೂರು ಎಂದು ಆಗಲೇ ಶಾಯಿಯಲ್ಲಿ ಬರೆದಾಗಿತ್ತು. ಪಕ್ಕದಲ್ಲಿ ‘ಕಾರಣ’ ಎಂಬ ಕಾಲಂ. ಅದನ್ನು ತುಂಬಬೇಕಾದವಳು ಬ್ಯಾರಕ್ಕಿನ ಉಸ್ತುವಾರಿ, ಅಂದರೆ ನಾನು. ಬೀಗ ಹಾಕುವ ಹೊತ್ತಿಗೆ ತುಂಬಿರಬೇಕು.

ಕಚೇರಿಯ ಮೇಜಿನ ಮುಂದೆ ಕೂತೆ. ನಡೆದದ್ದನ್ನು ನಡೆದ ಹಾಗೆ ಬರೆದರೆ ನನ್ನ ಮೇಲೆ ಹೆಚ್ಚೇನೂ ಬರುತ್ತಿರಲಿಲ್ಲ. ಕೈದಿ ಮೋಸ ಮಾಡಿದ, ಗುಂಡಿ ತೋಡಿದ, ನಾನು ಪತ್ತೆ ಹಚ್ಚಿದೆ. ಗುಂಪು ಒಡೆದವಳು ಎಂದು ಶಭಾಷ್‌ಗಿರಿ ಬೇರೆ ಸಿಗುತ್ತಿತ್ತು. ಪಟ್ಟಿಯಿಂದ ಒಂದು ಹೆಸರಿಗೆ ಗೀಟು ಬೀಳುತ್ತಿತ್ತು, ಅಷ್ಟೇ. ಆದರೆ ಕಿವಿ ಹರಿದದ್ದು ಯಾರ ಆದೇಶದಿಂದ ಎಂಬುದಕ್ಕೆ ಆ ರಿಜಿಸ್ಟರಿನಲ್ಲಿ ಕಾಲಮ್ಮೇ ಇರಲಿಲ್ಲ. ನಾನು ಬಹಳ ಹೊತ್ತು ಯೋಚಿಸಿದೆ ಎಂದು ಹೇಳಿಕೊಳ್ಳಬೇಕೆಂದು ಆಸೆ. ನಿಜವಾಗಿ ಹಾಗೇನೂ ಆಗಲಿಲ್ಲ. ಆ ಸವೆದ ಉಗುರು ಕಣ್ಣಿಗೆ ಕಟ್ಟಿತ್ತು. ಪೆನ್ನು ತೆಗೆದುಕೊಂಡು ಬರೆದೆ: ‘ಗಾಯಗೊಂಡ ಕೈದಿಯ ಪ್ರಾಣರಕ್ಷಣೆಗಾಗಿ, ನನ್ನ ಮೌಖಿಕ ಆದೇಶದ ಮೇರೆಗೆ, ಒಲೆಯ ಹಿಂದೆ ತಾತ್ಕಾಲಿಕ ಗುಂಡಿ ತೋಡಿಸಲಾಗಿದೆ. ಸದರಿ ಕೈದಿಯನ್ನು ಅದರಲ್ಲಿ ಇರಿಸಿದ್ದನ್ನು ಸಂಜೆಯ ಪಾಳಿಗೆ ತಿಳಿಸದೇ ಇದ್ದುದು ನನ್ನ ತಪ್ಪು. ಮಲಗುವ ಜಾಗ ಬದಲಿಸಿ ಗಾಯಕ್ಕೆ ಕಾರಣಳಾದವಳೂ ನಾನೇ.’ ಕೊನೆಯ ವಾಕ್ಯ ಒಂದೇ ಅದರಲ್ಲಿ ನಿಜ. ಅಗೆಸುವ ಆದೇಶ ಕೊಡುವ ಅಧಿಕಾರ ಸಾಹೇಬರಿಗೆ ಮಾತ್ರ ಎಂಬುದು ನನಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ವಿಚಾರಣೆ. ಸಾಹೇಬರು ನನ್ನ ಬರಹವನ್ನು ಎರಡು ಸಲ ಓದಿ, ಮೆಲುಕು ಹಾಕಿ, ಮೇಸ್ತ್ರಿಯನ್ನು ಕರೆಸಿದರು. ಅವನಿಗೂ ಓದಿ ಹೇಳಿದರು. ನಾನು ಏನು ಬರೆದಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಅವನ ಮೀಸೆ ಒಮ್ಮೆ ಅಲುಗಿತು.

“ಅಕ್ಕಂಗೆ ಏನಾಯ್ತದೆ ಸಾ?” ಎಂದು ಕೇಳಿದ.

“ಬ್ಯಾರಕ್ ಬಿಡಿಸಿ ಗೇಟಿಗೆ ಹಾಕ್ತೀನಿ. ಬಡ್ತಿ ನಿಲ್ಲುತ್ತೆ. ಅದು ನಿನಗೆ ಬೇಡ. ಆಕೆ ಹೇಳಿ ನೀನು ಅಗೆದೆಯೋ, ನೀನಾಗೇ ಅಗೆದೆಯೋ, ಅದನ್ನ ಹೇಳು.”

“ಅವ್ರೇ ಹೇಳಿದ್ದು ಸಾ” ಎಂದುಬಿಟ್ಟ. ಒಂದು ಉಸಿರಿನಷ್ಟೂ ತಡಮಾಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ಚುಚ್ಚಿತು. ಅವನು ಹೌದು ಎನ್ನಲಿ ಎಂದೇ ಬರೆದವಳು ನಾನು. ಆದರೂ ಒಮ್ಮೆ ತಲೆ ತಗ್ಗಿಸಬಾರದಿತ್ತೇ, ಒಮ್ಮೆ ನನ್ನ ಮುಖ ನೋಡಬಾರದಿತ್ತೇ ಅನ್ನಿಸಿತು. ನಾಯಿಬುದ್ಧಿ, ಕೊಟ್ಟ ಮೇಲೆ ತಲೆ ಸವರಿಸಿಕೊಳ್ಳಬೇಕು. ಅವನು ಕೈಮುಗಿದು ಹೊರಟುಹೋದ. ಚಪ್ಪಡಿಯ ಮೇಲೆ ಈಗ ಸದ್ದೇ ಇರಲಿಲ್ಲ.

ಮೊದಲ ತುತ್ತು ಯಾವ ಬಾಯಿಗೆ ಹೋಗುತ್ತಿತ್ತು ಎಂಬುದನ್ನು ಆಗ ನಾನು ಹೇಳಿದೆ. ಸಾಹೇಬರು ನನ್ನ ಕಡೆ ನೋಡದೆ ಎರಡು ಆದೇಶ ಬರೆದರು. ಹಲ್ಲಿನ ಐವರಿಗೆ ತಲಾ ಒಂದು ಹೆಚ್ಚುವರಿ ಮುದ್ದೆ. ಮಲಗುವ ಜಾಗ ಮೊದಲಿದ್ದಂತೆ. ಮೇಸ್ತ್ರಿ ಹೆದರಿಸಿ ಕಿತ್ತುಕೊಳ್ಳುತ್ತಿದ್ದುದನ್ನು ಸರ್ಕಾರ ಮೊಹರು ಹಾಕಿ ಕೊಟ್ಟಿತು. ತುತ್ತು ವಸೂಲಿ ಅಲ್ಲಿಗೆ ತಾನಾಗಿ ನಿಂತಿತು. ಗುಂಪು ಒಡೆಯಿತೆಂದು ಬೇಕಾದರೆ ಹೇಳಬಹುದು. ಕೋರ್ಟಿನ ದಿನದವರೆಗೆ ಮೊಲವನ್ನು ಆ ಗೂಡಿನಲ್ಲೇ ಇರಿಸಲು, ಅಲ್ಲಿಯವರೆಗೆ ನನ್ನನ್ನು ಬ್ಯಾರಕ್ಕಿನಲ್ಲೇ ಬಿಡಲು ಒಪ್ಪಿದರು. ನರಿ ದಿನಾ ತನ್ನ ಹೆಚ್ಚುವರಿ ಮುದ್ದೆಯಲ್ಲಿ ಒಂದು ಚೂರು ತಂದು ಚಪ್ಪಡಿಯ ಪಕ್ಕ ಇಟ್ಟು ಹೋಗುತ್ತಿದ್ದ. ಮೊಲ ಅದನ್ನು ತಿನ್ನುತ್ತಿರಲಿಲ್ಲ, ಬಿಸಾಡುತ್ತಲೂ ಇರಲಿಲ್ಲ.

ನಾಲ್ಕನೇ ದಿನ ವ್ಯಾನಿನಲ್ಲಿ ಅವನನ್ನು ಹಳೇಬೀಡಿನ ಮೇಲೆ ಬೇಲೂರಿಗೆ ಕರೆದುಕೊಂಡು ಹೋದವಳು ನಾನೇ. ಹೊಲದವರು ಸಾಕ್ಷಿ ಹೇಳಲು ಬರಲಿಲ್ಲ. ನ್ಯಾಯಾಧೀಶರು, ಹಿರಿಯ ಆಮೆ, ಅಂದು ಏನು ತೋಚಿತೋ, ಅರ್ಧ ಗಂಟೆಯಲ್ಲಿ ಬಿಟ್ಟುಬಿಟ್ಟರು. ಕೋರ್ಟಿನ ಮೆಟ್ಟಿಲಿನ ಮೇಲೆ ಮೊಲ ನನಗೆ ನಮಸ್ಕಾರ ಮಾಡಿ, ಮೇಸ್ತ್ರಣ್ಣಂಗೆ ಹೇಳಿ ಎಂದ. ಏನು ಹೇಳಲಿ ಎಂದು ನಾನು ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ಹಿಂದೆ ತಿರುಗಿ ನೋಡದೆ ಗೆಂಡೆಹಳ್ಳಿಯ ದಾರಿ ಹಿಡಿದು ಓಡಿದ.

ಮರುದಿನದಿಂದ ನನಗೆ ಗೇಟು. ಬ್ಯಾರಕ್ಕಿನ ಕೀಲಿಗಳು ಹೆಬ್ಬಾತಿನ ಕೊರಳಿಗೆ ಹೋದವು.

ಸ್ವಾತಂತ್ರ್ಯ ದಿನ ಮಳೆ ಬಿಡುವು ಕೊಟ್ಟಿತ್ತು. ಧ್ವಜ ಏರಿಸಿ, ಬೂಂದಿ ಹಂಚಿ, ಪಟ್ಟಿಯ ಆರು ಜನರನ್ನು ಒಬ್ಬೊಬ್ಬರನ್ನಾಗಿ ಗೇಟಿಗೆ ಕಳಿಸಿದರು. ಗೇಟಿನಲ್ಲಿ ಬಿಡುಗಡೆ ಪುಸ್ತಕ ತುಂಬುವುದು ನನ್ನ ಕೆಲಸ: ಹೆಸರು, ನಂಬರು, ಒಪ್ಪಿಸಿದ ಸಾಮಾನು, ಹೋಗುವ ಊರು. ಐದು ಜನರನ್ನು ಕರೆದೊಯ್ಯಲು ಮನೆಯವರು ಬಂದಿದ್ದರು. ಮೇಸ್ತ್ರಿ ಕೊನೆಯವನು. ಒಳಗಿನಿಂದ ಕರಡಿ ಬ್ಯಾರಕ್ಕಿನ ಸರಳು ಹಿಡಿದುಕೊಂಡು ನೋಡುತ್ತಿದ್ದ. ಮೇಸ್ತ್ರಿ ಅವನಿಗೆ ಕೈ ಎತ್ತಿ ತೋರಿಸಿ ಬಂದು ನನ್ನ ಮುಂದೆ ನಿಂತ.

ಕೇಳಬಾರದು ಅಂದುಕೊಂಡಿದ್ದೆ. ತಡೆಯಲಾಗದೆ ಕೇಳಿಯೇಬಿಟ್ಟೆ, ಅವತ್ತು ಸಾಹೇಬರ ಮುಂದೆ ಒಂದು ಕ್ಷಣವೂ ಯೋಚನೆ ಮಾಡದೆ ಹೌದು ಅಂದುಬಿಟ್ಟೆಯಲ್ಲ ಎಂದು.

“ಮಾಡ್ದೆ ಕಣಕ್ಕಾ. ಸಾಹೇಬ್ರು ಓದ್ತಿರೋವಾಗ್ಲೇ ಮಾಡ್ದೆ. ನಾನು ಇಲ್ಲ ಅಂದಿದ್ರೆ ನೀವು ಸರ್ಕಾರಿ ಪುಸ್ತಕ್ದಾಗೆ ಸುಳ್ಳು ಬರ್ದಂಗಾಯ್ತಿತ್ತು. ಕೆಲಸನೇ ಹೋಗ್ತಿತ್ತು. ಹೌದು ಅಂದ್ರೆ ಗೇಟಿಗೆ ಹಾಕ್ತಾರೆ, ಅಷ್ಟೇ. ತಡ ಮಾಡಿದ್ರೆ ಸಾಹೇಬ್ರಿಗೆ ಅನುಮಾನ ಬರೋದು.”

ನಾನು ಪುಸ್ತಕದ ಕಡೆ ಮುಖ ಹಾಕಿಕೊಂಡು ಕೂತೆ. ಇಷ್ಟು ದಿನ ಇವನ ಮೇಲೆ ಮುನಿಸಿಕೊಂಡಿದ್ದು ನೆನೆದು ಮೈಯೆಲ್ಲ ಹಿಡಿಯಾಯಿತು. ಹೆಸರು ಬರೆದೆ, ನಂಬರು ಬರೆದೆ, ಒಂದು ಕಂಬಳಿ, ಒಂದು ಗಂಗಾಳ ಒಪ್ಪಿಸಿದ್ದು ಬರೆದೆ. ಹೋಗುವ ಊರು ಯಾವುದು ಎಂದೆ.

ತಲೆ ಎತ್ತಿ ನೋಡಿದರೆ ಅವನು ತೆರೆದ ಗೇಟಿನಾಚೆಯ ರಸ್ತೆಯನ್ನು ನೋಡುತ್ತಿದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

“ಇತ್ತು ಅಕ್ಕಾ” ಎಂದ. “ಏಳು ವರ್ಷ ದಿನಾ ಮಲಗೋ ಮುಂಚೆ ಲೆಕ್ಕ ಹಾಕ್ತಿದ್ದೆ. ಆಚೆಗೆ ಬಂದ್ರೆ ಮೊದ್ಲು ಎಲ್ಲಿಗೆ, ಯಾರತ್ರ, ಆಮೇಕೆ ಏನು ಅಂತ. ಗುಂಡಿ ತೋಡಕ್ಕೆ ಕೂತ್ನಲ್ಲ, ಇನ್ನು ಯಾತಕ್ಕೆ ಅಂತ ಅವತ್ತೇ ಬಿಟ್ಬಿಟ್ಟೆ. ಈಗ ನೆನೆಸ್ಕೊಂಡ್ರೆ ಏನೂ ಬರಾಕಿಲ್ಲ.”

ಅವನ ಮೀಸೆ ನಡುಗುತ್ತಿತ್ತು. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಕಾಲಂ ಖಾಲಿ ಬಿಡುವ ಹಾಗಿಲ್ಲ. ಹೋಗುವ ಊರು ಎಂಬ ಕಡೆ ‘ಹೊರಗೆ’ ಎಂದು ಬರೆದೆ. ಆಮೇಲೆ ನನ್ನ ಸ್ಟೂಲು ಗೇಟಿನಾಚೆಗೆ ತಂದು ಹಾಕಿ, ಕಣಕಟ್ಟೆಯಿಂದ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ, ಕೂತುಕೊಂಡು ಯೋಚನೆ ಮಾಡು ಎಂದೆ. ಅವನು ಕೂತ. ನಾನು ಪಕ್ಕದಲ್ಲಿ ನಿಂತೆ.